ಅಗಲ ಪಾದಗಳಿಗೆ ಬೂಟು ಹುಡುಕಿದ್ದು

ಇಂದಿನ ಸಭೆಯ ಹೊಣೆ ಹೊತ್ತಿರುವ ಅಧ್ಯಕ್ಷರಾದ ಸುಶೀಲಕುಮಾರ ಅವರೇ, ಈ ಬಿಸಿಲಿನಲ್ಲಿ ಭಾಲ್ಕಿಯಿಂದ, ಔರಾದದಿಂದ ಬಂದು ವೇದಿಕೆಯ ಮೇಲೆ ಕುಳಿತಿರುವ ಅತಿಥಿಗಳೇ, ಬೀದರಿನ ನಮ್ಮ ಮಹಿಳಾ ಚಾರಣ ಬಳಗದ ಗೆಳತಿಯರೇ, ಅವರನ್ನು ಕರೆತಂದು ಹಿಂದಿನ ಸಾಲಿನಲ್ಲಿ ಮೊಬೈಲು ನೋಡುತ್ತಿರುವ ಗಂಡಂದಿರೇ, ಸಭಿಕರೇ,

ನಿರೂಪಕಿಯವರು ನನ್ನನ್ನು ‘ಹಿಮಾಲಯ ಗೆದ್ದ ಮಹಾಮಾಯಾ ಟೀಚರ್’ ಎಂದು ಕರೆದರು. ಹಿಮಾಲಯವನ್ನು ಯಾರು ಗೆಲ್ಲುತ್ತಾರೆ? ನಾನು ಔರಾದದ ಹೈಸ್ಕೂಲಿನಲ್ಲಿ ಆಟ ಕಲಿಸುವವಳು, ಗೆಲುವು ಸೋಲು ಎರಡೂ ಬಲ್ಲೆ. ನಾನು ಗೆದ್ದದ್ದು ಒಂದು ಜೊತೆ ಬೂಟನ್ನು ಮಾತ್ರ. ಮುಂದಿನ ತಿಂಗಳು ನಿಮ್ಮಲ್ಲಿ ಹಲವರು ಮೊದಲ ಸಲ ಬೆಟ್ಟಕ್ಕೆ ಹೊರಟಿದ್ದೀರಿ. ಆದ್ದರಿಂದ ಬೂಟಿನ ಬಗ್ಗೆಯೇ ಮಾತಾಡುತ್ತೇನೆ. ನಗಬೇಡಿ, ಕೇಳಿ.

ನನ್ನ ಪಾದ ಅಗಲ. ಬೆರಳುಗಳ ಬುಡದಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಂಡಿದೆ. ಮೊದಲ ಸಲ ಹಿಮಾಲಯದ ಚಾರಣಕ್ಕೆ ಹೊರಟಾಗ ಇಲ್ಲಿಯದೇ ಒಂದು ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಪಾದ ನೋಡಿ ಹೇಳಿದ: “ಅಕ್ಕಾ, ನಿಮ್ಮ ಪಾದ ಭಾಳ ಅಗಲ ಅದಾವ್ರಿ. ಒಂದು ನಂಬರ್ ದೊಡ್ಡದು ತಗೋರಿ, ಬರಾಬರ್ ಆಗ್ತದ.” ತೆಗೆದುಕೊಂಡೆ. ನೀವಾದರೂ ತೆಗೆದುಕೊಳ್ಳುತ್ತಿದ್ದಿರಿ, ಅಲ್ಲವೇ?

ಅದು ಉದ್ದಕ್ಕೆ ದೊಡ್ಡದು, ಅಗಲಕ್ಕೆ ಅಲ್ಲ. ಏರುವಾಗ ಹಿಮ್ಮಡಿ ಎದ್ದೆದ್ದು ಬೊಕ್ಕೆ ಬಂತು. ಒಂದು ಹಳ್ಳಕ್ಕೆ ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳುಗಳು ಬೂಟಿನ ಮೂತಿಗೆ ಬಡಿದವು. ಶಿಬಿರ ಮುಟ್ಟಿ ಸಾಕ್ಸು ತೆಗೆದರೆ ಹೆಬ್ಬೆರಳಿನ ಉಗುರುಗಳು ಕಪ್ಪಾಗಿದ್ದವು. ತಂಡದ ಮುಖಂಡರು ನೋಡಿ, “ಮೇಡಂ, ಇನ್ನು ಮುಂದೆ ಬೇಡ” ಎಂದರು. ನಾವು ಏರಬೇಕಿದ್ದ ಹಿಮದ ದಾರಿ ಎದುರಿಗೇ ಕಾಣುತ್ತಿತ್ತು. ನಾನು ಅತ್ತೆ. ಖೈರುನ್ನಿಸಾ ಅಳಲಿಲ್ಲ. ಸುಮ್ಮನೆ ತನ್ನ ಚೀಲ ಕಟ್ಟಿಕೊಂಡು ನನ್ನ ಜೊತೆ ಇಳಿದಳು.

ಖೈರುನ್ನಿಸಾ ಯಾರೆಂದು ನಮ್ಮ ಬಡಾವಣೆ ಮೈಲೂರಿನವರಿಗೆ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ನನ್ನ ಪಕ್ಕದ ಮನೆಯವಳು, ಹೊಲಿಗೆ ಕ್ಲಾಸು ನಡೆಸುವವಳು. ಬೆಳಗಿನ ವಾಕಿಂಗಿನಲ್ಲಿ ಕೋಟೆಯ ಗೋಡೆ ನೋಡುತ್ತ, “ಇದಕ್ಕಿಂತ ಎತ್ತರದ್ದು ಏನರೆ ಏರೋಣೇನು?” ಎಂದು ಮೊದಲು ಕೇಳಿದವಳು ಅವಳೇ. ಅವಳ ಕಾಲಿಗೆ ಏನೂ ಆಗಿರಲಿಲ್ಲ. ಅವಳು ಹೋಗಬಹುದಿತ್ತು. ಹೋಗಲಿಲ್ಲ.

ಮನೆಗೆ ಬಂದ ಮೇಲೆ ನನಗೆ ಹಟ ಹುಟ್ಟಿತು. ಈ ಹಟ ಬೂಟಿನದಷ್ಟೇ ಎಂದುಕೊಂಡಿದ್ದೆ. ಅಲ್ಲ ಸಭಿಕರೇ. ಮದುವೆಗೆ ಮುಂಚೆ ಭಾಲ್ಕಿಯಿಂದ ಹೆಣ್ಣು ನೋಡಲು ಬಂದಿದ್ದ ನನ್ನ ಅತ್ತೆಯವರು ಎಲ್ಲರ ಎದುರಿಗೆ, “ಹುಡುಗಿ ಚಂದ ಅದಾಳ, ಖರೇ ಪಾದ ನೋಡ್ರಿ, ಗಂಡಸರ ಪಾದ ಇದ್ದಂಗ ಅದಾವ” ಎಂದಿದ್ದರು. ಆಮೇಲೆ ಮದುವೆಗೆ ತಂದ ಚಪ್ಪಲಿ ಇಕ್ಕಟ್ಟಾಗಿತ್ತು. ಯಾರಿಗೂ ಹೇಳದೆ ಹಾಕಿಕೊಂಡೆ. ಅದು ಹರಿದ ಮೇಲೆ ಅಂಥದೇ ಇನ್ನೊಂದು ಕೊಂಡೆ, ನಾನೇ ಕೊಂಡೆ. ಯಾಕೆ? ಅಗಲವಾದದ್ದು ಕೇಳಲು ನಾಚಿಕೆ. ನನ್ನ ಕಿರುಬೆರಳು ಇವತ್ತಿಗೂ ಒಳಕ್ಕೆ ಮಡಚಿಕೊಂಡಿದೆ. ನನ್ನ ಯಜಮಾನರಾದ ಮಚ್ಛೇಂದ್ರ ಅವರು ಮೂರನೇ ಸಾಲಿನಲ್ಲಿದ್ದಾರೆ. ಅವರು ಇದನ್ನು ಕೇಳುತ್ತಿರುವುದು ಇದೇ ಮೊದಲು. ಇಲ್ಲಿ ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಇರಲಿ.

ಹಟ ಹಿಡಿದು ನಾನೂ ಖೈರುನ್ನಿಸಾಳೂ ಹೈದರಾಬಾದಿಗೆ ಹೋದೆವು. ಸಂಜೆಯ ಹೊತ್ತಿಗೇ ಹೋದೆವು, ದಿನವಿಡೀ ನಡೆದ ಪಾದ ಸಂಜೆಗೆ ಉಬ್ಬಿರುತ್ತದೆ. ಬೆಟ್ಟದಲ್ಲಿ ಹಾಕುವ ದಪ್ಪ ಸಾಕ್ಸನ್ನೇ ಒಯ್ದಿದ್ದೆವು. ಅಂಗಡಿಯವನು, “ಲೇಡೀಸ್ ಮೇಂ ಇತ್ತಾ ಚೌಡಾ ನೈಂ ಆತಾ, ಆಪಾ” ಎಂದ. ಹೆಂಗಸರದರಲ್ಲಿ ಇಷ್ಟು ಅಗಲ ಬರುವುದಿಲ್ಲವಂತೆ. ನಾನು ಎದ್ದು ನಿಂತೆ. ಖೈರುನ್ನಿಸಾ ನನ್ನ ಸೆರಗು ಜಗ್ಗಿ ಕೂಡಿಸಿದಳು. “ನೈಂ ಆತಾ ತೋ ಮರ್ದಾನಾ ನಿಕಾಲೋ ಮಿಯಾಂ!” ಎಂದಳು. ಗಂಡಸರ ಬೂಟು ಬಂತು, ಅದರಲ್ಲೂ ಅಗಲದ್ದು. ಗಂಡಸರ ಪಾದ ಎಂದಿದ್ದರಲ್ಲ, ಸರಿ, ಗಂಡಸರದೇ ಬೂಟು!

ಈಗ ಹೇಳುವುದನ್ನು ಮರೆಯಬೇಡಿ. ಬೂಟಿನ ಒಳಗಿನ ಮೆತ್ತೆಯನ್ನು ಹೊರಗೆ ತೆಗೆದು ಅದರ ಮೇಲೆ ನಿಂತು ನೋಡಿ. ಪಾದ ಅಂಚು ಮೀರಿ ಚೆಲ್ಲಿದರೆ ಆ ಬೂಟು ನಿಮ್ಮದಲ್ಲ. ಹಾಕಿಕೊಂಡರೆ ಬೆರಳು ಆಡಬೇಕು, ಹಿಮ್ಮಡಿ ಏಳಬಾರದು. ಆಮೇಲೆ ಮೆಟ್ಟಿಲು ಇಳಿದು ನೋಡಿ, ಬೆರಳು ಮುಂದೆ ಬಡಿಯಬಾರದು. ‘ಹಾಕ್ತಾ ಹಾಕ್ತಾ ಸಡಿಲ ಆಗ್ತದ’ ಎನ್ನುವವರನ್ನು ನಂಬಬೇಡಿ. ನಾನು ಆ ಅಂಗಡಿಯ ಮೆಟ್ಟಿಲನ್ನು ಹತ್ತಿ ಇಳಿದು, ಹತ್ತಿ ಇಳಿದು ಮಾಡುತ್ತಲೇ ಇದ್ದೆ, ಕೊನೆಗೆ ಅವರು ಚಹಾ ತರಿಸಿದರು. ಕೊಂಡ ಮೇಲೆ ಜನವಾಡದ ದಾರಿಯಲ್ಲಿ ವಾರಗಟ್ಟಲೆ ಅದನ್ನೇ ಹಾಕಿ ನಡೆದೆ. ನಗುವವರು ನಕ್ಕರು.

ಮರುವರ್ಷ ಹೋದೆವು. ಈ ಸಲ ಕಾಲು ನೋಯಲಿಲ್ಲ. ಆದರೆ ಕೊನೆಯ ಏರಿನ ಕೆಳಗೆ ಖೈರುನ್ನಿಸಾಗೆ ಉಸಿರು ಸಾಲದಾಯಿತು. ಗೈಡು ಅವಳನ್ನು ಕೆಳಗೆ ಕರೆದೊಯ್ಯಲು ಸಿದ್ಧನಾದ. ನಾನೂ ಚೀಲ ಹೊತ್ತು ಕೆಳಗೆ ತಿರುಗಿದೆ. ಅವಳು ನನ್ನ ತೋಳು ಹಿಡಿದು, “ಮಾಯಾ, ನೀ ಮ್ಯಾಲ ನಡಿ. ನನ್ನ ಸಲುವಾಗಿ ಇಳದಿ ಅಂದ್ರ ನಿನ್ನ ಮಾರಿ ನೋಡಂಗಿಲ್ಲ ನಾ” ಎಂದಳು. ಹೋದೆ. ಮೇಲೆ ನಿಂತಾಗ ಎಲ್ಲರೂ ಫೋಟೊ ತೆಗೆಸಿಕೊಂಡರು. ನಾನು ಬಂದ ದಾರಿಯನ್ನೇ ನೋಡುತ್ತಿದ್ದೆ. ಕೆಳಗೆ ಬಂದಾಗ ಅವಳು ಚೇತರಿಸಿಕೊಂಡು ಟೆಂಟಿನ ಬಾಗಿಲಲ್ಲಿ ಕೂತಿದ್ದಳು. ಮೇಲೆ ಏನು ಕಂಡೆ ಎಂದು ಕೇಳಲಿಲ್ಲ. “ಬೂಟು ತಗಿ, ಬೆರಳು ತೋರಿಸು” ಎಂದಳು. ಒಂದೊಂದೇ ಉಗುರು ಮುಟ್ಟಿ ನೋಡಿದಳು.

ಸಭಿಕರೇ, ನಿಮ್ಮ ನಡುವೆಯೇ ಕುಳಿತಿರುವ ಈ ಖೈರುನ್ನಿಸಾ ಮುಂದಿನ ತಿಂಗಳ ತಂಡಕ್ಕೆ ಹೆಸರು ಕೊಟ್ಟಿಲ್ಲ. ಖೈರೂ, ತಲಿ ತಗ್ಗಿಸಬ್ಯಾಡ. ಡಾಕ್ಟರು ಪರೀಕ್ಷಾ ಮಾಡಿ, ನಿಧಾನ ಹೋದ್ರ ಹೋಗಬಹುದು ಅಂದಾರ. ನೀ ಯಾಕ ಒಲ್ಲೆ ಅಂತಿ? ಈ ಸಲ ನಾ ನಿನ್ನ ಹಿಂದ ನಡೀತೇನಿ. ನೀ ನಿಂತಲ್ಲಿ ನಿಲ್ತೇನಿ. ಇಳಿಯೋದು ಬಂದ್ರ ಇಬ್ಬರೂ ಇಳಿಯೋಣ. ಆದರ ಮನಿ ಬಿಟ್ಟು ಹೊರಡೋದಂತೂ ಹೊರಡೋಣ.

ಅಧ್ಯಕ್ಷರೇ, ಸಭೆಯ ಮಾತು ಬಿಟ್ಟು ಮನೆಯ ಮಾತು ಆಡಿದೆ, ಕ್ಷಮಿಸಿ. ನನ್ನನ್ನು ಕರೆದು ಗೌರವಿಸಿದ ಬಳಗಕ್ಕೂ, ಇಷ್ಟು ಹೊತ್ತು ಕೇಳಿದ ನಿಮಗೂ ಧನ್ಯವಾದ. ಈಗ ನಾನು ಕೆಳಗಿಳಿದು ಅವಳ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ, ಅವಳು ಹೂಂ ಅನ್ನುವವರೆಗೆ ಏಳುವುದಿಲ್ಲ. ಜೈ ಭೀಮ್. ಎಲ್ಲರಿಗೂ ನಮಸ್ಕಾರ.