ಬಿಡು ಅನ್ನದೇ ಉಳಿದದ್ದು

ಬಾಗಿಲು ಹಾಕ್ಕೊಂಡು ಬನ್ನಿ, ಹೇಳ್ತೀನಿ. ಇದು ವಿನೋಬನಗರದಲ್ಲಿ ನಮ್ಮ ಪಕ್ಕದ ಮನೆ ಪರಶುರಾಮನಿಗೆ ಆಗಿದ್ದು. ಕಟ್ಟುಕತೆ ಅನ್ನೋರು ಈಗಲೇ ಎದ್ದುಹೋಗಿ.

ಪರಶುರಾಮ ಭದ್ರಾವತಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯೋನು. ಕೊನೇ ಬಸ್ಸಿಳಿದು, ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ ದಾಟಿ ಮನೆಗೆ ಬರಬೇಕು. ಆ ರಾತ್ರಿ ಅವನ ಚಪ್ಪಲಿಯ ಚಟ್ ಚಟ್ ಬಿಟ್ಟರೆ ಬೇರೆ ಸದ್ದಿಲ್ಲ. ಬಾವಿ ಹತ್ತಿರ ಬಂದ... ಬೆನ್ನ ಹಿಂದೆ ಯಾರೋ ಪಿಸುಗುಟ್ಟಿದರು.

"ರೀ... ಬಿಡ್ಲಾ?"

ಅವನ ಹೆಂಡತಿ ವೀಣಾಳ ದನಿ. ವೀಣಾ ತೀರಿಕೊಂಡು ಆಗಲೇ ಮೂರು ತಿಂಗಳು.

ಅವಳು ಸಾಯೋ ಹಿಂದಿನ ಸಂಜೆ, ಕೆಮ್ಮು ಜಾಸ್ತಿ ಅಂತ, ಅವಳ ಎದೆ ಎಕ್ಸ್‌ರೇ ತೆಗೆದವನು ಇವನೇ. ಸರ, ಬಳೆ ತೆಗೆಸಿದ. ಸೆರಗಿನ ಹೆಗಲ ಪಿನ್ನೊಂದು ಮರೆತ. "ಉಸಿರೆಳ್ಕೋ... ಬಿಗಿ ಹಿಡಿ." ಟಕ್. ಝುಂಯ್. ಪರದೆ ನೋಡಿದ. ಗಾಳಿ ಕಪ್ಪು, ಮಾಂಸ ಬೂದು, ಮೂಳೆ ಬಿಳಿ, ಲೋಹ ಎಲ್ಲಕ್ಕಿಂತ ಬಿಳಿ... ದಿನಾ ನೋಡೋ ಕಣ್ಣು. ಕಪ್ಪಗಿರಬೇಕಾದ ಶ್ವಾಸಕೋಶ ಎರಡೂ ಕಡೆ ನೀರು ತುಂಬಿ ಬೆಳ್ಳಗಿತ್ತು. ಅಯ್ಯೋ, ಊರಿಗೆಲ್ಲ ಹೇಳೋ ಮಾತು, ಹೆಂಡತಿಗೆ ಹೇಳೋದು ಮರೆತ. "ಉಸಿರು ಬಿಡು" ಅನ್ನಲಿಲ್ಲ. "ರೀ, ಬಿಡ್ಲಾ?" ಅಂತ ಅವಳು ಒಳಗಿಂದ ಕೇಳ್ತಿದ್ದಳು, ಇವನು ಡಾಕ್ಟರ ಹತ್ತಿರ ಓಡಿದ. ಬೆಳಗಾಗೋದ್ರೊಳಗೆ ಅವಳಿಲ್ಲ.

ಆ ಎಕ್ಸ್‌ರೇ ಫಿಲ್ಮನ್ನ ಬೀರುವಿನಲ್ಲಿ ಅವಳ ಸೀರೆ ಕೆಳಗೆ ಇಟ್ಟುಕೊಂಡಿದ್ದ.

ಈಗ ಬಾವಿ ಹತ್ತಿರ ಮತ್ತೆ ಅದೇ ದನಿ. "ಎಷ್ಟು ಹೊತ್ತು ಹಿಡ್ಕೊಂಡಿರ್ಲಿ... ರೀ?"

ಅವನು ಬಾಯಿ ಬಿಡಲಿಲ್ಲ. ಹೆದರಿಕೆಗಲ್ಲ, ಆಸೆಗೆ. ಬಿಡು ಅಂದ್ರೆ ಹೋಗಿಬಿಡ್ತಾಳೆ. ಅನ್ನದಿದ್ರೆ ನಾಳೆನೂ ಬರ್ತಾಳೆ, ನಾಡಿದ್ದೂ ಬರ್ತಾಳೆ. ಪಾಪ, ಹೆಂಡತಿ ಬೇಕಾಗಿದ್ದಳು ಅವನಿಗೆ.

"ಆಗ್ತಿಲ್ಲ ರೀ..."

ತಡೆಯೋಕಾಗಲಿಲ್ಲ. "ಬಿಡು ಮಾರಾಯ್ತಿ," ಅಂದ, ಅಳ್ತಾ. "ಸಾಕು... ಬಿಟ್ಬಿಡು."

ಹಾ...ಆ...ಆ... ಅಂತ ಉದ್ದಕ್ಕೆ ಒಂದು ಉಸಿರು. ಬಾವಿಯ ಜಾಲರಿ ಗಿರ್ರ್ ಅಂತ ನಡುಗಿತು. ಆಮೇಲೆ ಏನಿಲ್ಲ.

ಬೆಳಗ್ಗೆ ಆ ಫಿಲ್ಮ್ ತಗೊಂಡು ಹೋಗಿ ಡಾಕ್ಟರ ಮುಂದಿಟ್ಟ. "ಯಾರದ್ದಯ್ಯಾ? ಎದೆ ಚೆನ್ನಾಗಿದೆಯಲ್ಲ," ಅಂದರು. ಮೂಲೆಯ ಹೆಸರು, ತಾರೀಕು ಓದಿದರು. ಕನ್ನಡಕ ಒರೆಸ್ಕೊಂಡು ಮತ್ತೊಂದು ಸಲ ಓದಿದರು.

ನಾನೂ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ದೀನಿ, ಆಣೆಗೂ. ಎರಡೂ ಕಡೆ ಬರೀ ಕಪ್ಪು. ಎಡ ಹೆಗಲ ಮೇಲೆ ಮಾತ್ರ ಆ ಪಿನ್ನು, ಬೆಳ್ಳಗೆ, ಇದ್ದಲ್ಲೇ ಇದೆ.