ಊರಿಗೇ ಫಸ್ಟ್ ಬಂದ ಅಡುಗೆಮನೆ

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ದರ್ಜಿ ಊದಿದ ಕೆನ್ನೆ ಹಿಡಿದು ಕೂತಿದ್ದ. ಬಾಯಿ ಬಿಡುವಂತಿರಲಿಲ್ಲ, ಆದರೆ ಕಿವಿಗೇನೂ ನೋವಿರಲಿಲ್ಲ. ಪಕ್ಕದ ಬೆಂಚಿನಲ್ಲಿ ಅತ್ತಿಗೆ, ನಾದಿನಿ ಮಾತಿಗಿಳಿದಿದ್ದರು.

“ಅತ್ತಿಗೆ, ಹೊಗೆ ಅಳೆಯೋಕೆ ಸಂಶೋಧನೆಯವರು ನಿಮ್ಮ ಅಡುಗೆಮನೇಲಿ ಮಿಷನ್ ಇಟ್ಟಿದ್ರಲ್ಲ, ಏನಾಯ್ತು?”

“ಇಡೀ ಊರಲ್ಲಿ ನಮ್ಮನೆ ಗಾಳೀನೇ ಶುದ್ಧವಂತೆ ಕಣೇ.”

“ನಿಮ್ಮನೇದಾ? ನೀವು ಮೆಣಸಿನಕಾಯಿ ಹುರಿದ್ರೆ ಬೀದಿ ನಾಯೀನೂ ಸೀನುತ್ತೆ!”

“ಅವರಿಗೂ ಅದೇ ಆಶ್ಚರ್ಯ. ನಾನು ಹೇಗೆ ಅಡುಗೆ ಮಾಡ್ತೀನಿ ಅಂತ ನೋಡೋಕೆ ನಾಳೆ ಆರು ಜನ ಬರ್ತಿದ್ದಾರೆ.”

“ನಿಜ ಹೇಳಿ, ಏನು ಮಾಡಿದ್ರಿ?”

“ಏನಿಲ್ಲಮ್ಮ. ಬೇರೆಯವರ ಸಾಮಾನು, ಜಿಡ್ಡು ಹಿಡಿದೀತು ಅಂತ ಟಿವಿ ರಿಮೋಟ್‌ಗೆ ಹಾಕೋ ಹಾಗೆ ಪ್ಲಾಸ್ಟಿಕ್ ಕವರ್ ಹಾಕಿ ಬಿಗಿಯಾಗಿ ಕಟ್ಟಿದ್ದೆ. ಅವರು ಬರೋ ದಿನ ಬಿಚ್ಚಿ, ಒರೆಸಿ ಕೊಟ್ಟೆ.”

ನಗು ತಡೆಯಲು ಹೋಗಿ ದರ್ಜಿಯ ಹಲ್ಲು ಝುಮ್ಮೆಂದಿತು.

“ಅಯ್ಯೋ, ನಾಳೆ ಹೇಳ್ಬಿಡಿ ಅತ್ತಿಗೆ!”

“ಹೇಗೆ ಹೇಳ್ಲಿ? ನಿಮ್ಮಣ್ಣ ಆಗಲೇ ಬೀದಿಗೆಲ್ಲ ಡಂಗುರ ಸಾರಿದ್ದಾರೆ. ಅಂದಹಾಗೆ, ಮುಂದಿನ ವಾರ ಮಿಷನ್ ನಿಮ್ಮನೇಲಿ ಇಡ್ತಾರಂತೆ.”

ನರ್ಸ್ ಕರೆದಳು. ಇಬ್ಬರೂ ಎದ್ದರು. ಬಾಗಿಲ ಬಳಿ ನಾದಿನಿ ದನಿ ತಗ್ಗಿಸಿದಳು:

“ಅತ್ತಿಗೆ, ಆ ಕವರ್ ಎಸೆದಿಲ್ಲ ತಾನೇ?”