ಕಪ್ಪು ಬಣ್ಣದ ಪುಲಕೇಶಿ

ವೇದಿಕೆಯ ಮೇಲಿರುವ ಹಿರಿಯರೇ, ಸಿಂದಗಿ, ಇಂಡಿ, ಮುದ್ದೇಬಿಹಾಳದಿಂದ ಬಂದಿರುವ ಶಿಕ್ಷಕ ಬಂಧುಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಧರ್ಮರಾಜ ಮಾಸ್ತರರ ಪತ್ನಿ ಸೀತವ್ವನವರೇ — ನಿಮಗೆಲ್ಲ ನಮಸ್ಕಾರ.

ನಾನು ಸುಮಂಗಲಾ. ಸಿಂದಗಿ ತಾಲೂಕಿನ ಶಾಲೆಯೊಂದರಲ್ಲಿ ಮಾಸ್ತರರ ಜೊತೆ ಕೆಲಸ ಮಾಡಿದವಳು. ಈಗಷ್ಟೇ ನಮ್ಮ ಆಗಿನ ಹೆಡ್‌ಮಾಸ್ತರ್ ಶಂಕ್ರೆಪ್ಪ ಸರ್ ಮಾತಾಡಿದರು. 'ಧರ್ಮರಾಜ ನನಗೆ ತಮ್ಮನಿದ್ದಂತೆ' ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ನನಗೆ ಕೈ ಏಳಲಿಲ್ಲ.

ಮಾಸ್ತರರು ಐದನೆಯ ತರಗತಿಗೆ ಇತಿಹಾಸ ಹೇಳುತ್ತಿದ್ದರು. ರಾಜರ ಹೆಸರು ಬಂದರೆ ಮಕ್ಕಳು ಆಕಳಿಸುತ್ತಿದ್ದರು. ಆಗ ಅವರು ಕಾರ್ಬನ್ ಹಾಳೆ ಇಟ್ಟು ಪುಲಕೇಶಿ, ಬಿಜ್ಜಳ, ಇಬ್ರಾಹಿಂ ಆದಿಲಶಾಹನ ಗೆರೆಚಿತ್ರ ತೆಗೆದು ಮಕ್ಕಳ ಕೈಗೆ ಬಣ್ಣ ಕೊಟ್ಟರು. ಚಾಲುಕ್ಯರ ನಕಾಶೆಗೆ ಬಣ್ಣ ತುಂಬುತ್ತ ತುಂಬುತ್ತ ಮಕ್ಕಳು ನರ್ಮದೆಯವರೆಗೆ ಹೋಗಿ ಬರುತ್ತಿದ್ದರು. ಗಂಟೆ ಹೊಡೆದರೂ ಏಳುತ್ತಿರಲಿಲ್ಲ.

ಒಮ್ಮೆ ಬಾಳಮ್ಮ ಎಂಬ ಹುಡುಗಿ ಪುಲಕೇಶಿಯ ಮುಖಕ್ಕೆ ಕಪ್ಪು ಬಣ್ಣ ಹಚ್ಚಿದಳು. ಯಾಕವ್ವಾ ಎಂದರೆ — "ರಾಜಾ ಬಿಸಲಾಗ ಕುದರಿ ಮ್ಯಾಲೆ ಕುಂತಾನಲ್ರಿ ಸರ್. ನಮ್ಮಪ್ಪನಂಗ ಕರ್ರಗಾಗಿರ್ತಾನ."

ಮಾಸ್ತರರು ಹೊಟ್ಟೆ ಹಿಡಿದು ನಕ್ಕರು. ಶಂಕ್ರೆಪ್ಪ ಸರ್ ಕೂಡ ನಕ್ಕರು. ತಾವೇ ಮೊಳೆ ಹೊಡೆದು — ಹೌದು, ತಮ್ಮ ಕೈಯಾರೆ — ಆ ಚಿತ್ರವನ್ನು ಆಫೀಸಿನ ಗೋಡೆಗೆ ತೂಗುಹಾಕಿದರು. "ಹಿಂಗ ನಡಸ್ರಿ ಮಾಸ್ತರ, ನಿಮ್ಮ ಬೆನ್ನಿಗೆ ನಾ ಅದೇನಿ" ಎಂದರು.

ಊರ ಹಿರಿಯರೊಬ್ಬರು ಆ ಚಿತ್ರ ನೋಡಿದರು. "ರಾಜಾಗೋಳು ನಿಮ್ಮ ಓಣ್ಯಾಗಿನವರೇನ್ರಿ ಮಾಸ್ತರ?" ಎಂದು ಕೇಳಿದರು. ಧರ್ಮರಾಜ ಮಾಸ್ತರರು ಯಾವ ಓಣಿಯಿಂದ ಬಂದವರು ಎಂಬುದು ನಿಮಗೆ ಗೊತ್ತು. ಆ ಮಾತಿನ ಅರ್ಥವೂ ಗೊತ್ತು.

ದೂರು ಹೋಯಿತು. ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ರಾಜರಿಗೆ ಅವಮಾನ ಮಾಡುವ ಈ ಚಿತ್ರ ಗೋಡೆಗೆ ಹಚ್ಚಿದವರು ಯಾರು ಎಂದು ಕೇಳಿದರು.

"ನನಗ ಗೊತ್ತಿಲ್ರಿ ಸಾಹೇಬ್ರ" ಎಂದರು ಶಂಕ್ರೆಪ್ಪ ಸರ್. "ನಾ ರಜಾದ ಮ್ಯಾಲಿದ್ದೆ. ಧರ್ಮರಾಜ ತಾನಾ ಹಚ್ಚ್ಯಾನ."

ನಾನು ನಡುವೆ ಬಾಯಿ ಹಾಕಿದೆ. ಸರ್ ತಾವೇ ಮೊಳೆ ಹೊಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದೆ. ಸಾಹೇಬರು ನನ್ನನ್ನು ಹೊರಗೆ ಕಳಿಸಿದರು. ಮಾಸ್ತರರು ಮಾತ್ರ ಶಂಕ್ರೆಪ್ಪ ಸರ್ ಮುಖವನ್ನೇ ನೋಡುತ್ತ ನಿಂತಿದ್ದರು.

ಬಸ್‌ಸ್ಟ್ಯಾಂಡಿನಲ್ಲಿ ಮಾಸ್ತರರನ್ನು ಕೇಳಿದೆ — ನೀವ್ಯಾಕ ಸುಮ್ಮನಿದ್ರಿ?

"ಅವರ ಬಾಯಿಂದಾನ ಬರ್ಲಿ ಅಂತ ಕಾದ್ನಿರಿ ಅಕ್ಕಾರ. ಇವತ್ತಲ್ಲ ನಾಳೆ ಹೇಳ್ತಾರ."

ಮಾಸ್ತರರಿಗೆ ಮುದ್ದೇಬಿಹಾಳದ ಗಡಿಯ ಹಳ್ಳಿಗೆ ವರ್ಗವಾಯಿತು. ಅಲ್ಲಿ ಮಕ್ಕಳಿಗೆ ಪಾಠ ಓದಿಸಿದರು, ಪ್ರಶ್ನೆ ಬರೆಸಿದರು. ಬಣ್ಣ ಕೊಡಲಿಲ್ಲ. ಮುಂದೆ ಸರಕಾರವೇ 'ಆಡುತ್ತ ಕಲಿಸಿ' ಎಂದು ತರಬೇತಿ ಕೊಟ್ಟಾಗ, ಈ ಭಾಗದಲ್ಲಿ ಬಣ್ಣದಿಂದ ಇತಿಹಾಸ ಕಲಿಸಿದ ಮೊದಲಿಗರು ಎಂದು ಶಾಲು ಹೊದಿಸಿದ್ದು ಶಂಕ್ರೆಪ್ಪ ಸರ್‌ಗೆ. ಮಾಸ್ತರರು ಅದೇ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿದ್ದರು. ಆಗಲೂ ಕಾದರು. ಹೋದ ತಿಂಗಳು ಎದೆನೋವು ಬಂತು. ಕಾಯುವುದು ಅಲ್ಲಿಗೆ ಮುಗಿಯಿತು.

ಶಂಕ್ರೆಪ್ಪ ಸರ್, ಸೀತವ್ವಾರು ಇಲ್ಲೇ ಕುಂತಾರ. ಆ ಚಿತ್ರಾ ಗ್ವಾಡಿಗೆ ಹಚ್ಚಿದಂವ ನಾನ ಅಂತ ಅವರ ಮುಂದ ಒಂದ ಮಾತ ಹೇಳ್ರಿ —

— ನೆಲಾ ನೋಡಾಕತ್ತೀರಿ. ಆಯ್ತು. ಬ್ಯಾಡ.

ಬಂಧುಗಳೇ, ದಯವಿಟ್ಟು ಎದ್ದು ನಿಲ್ಲಿ. ಮಾಸ್ತರರ ಸಲುವಾಗಿ ಎರಡು ನಿಮಿಷ ಮೌನವಾಗಿರೋಣ.

ಸರ್ — ನೀವೂ ಏಳ್ರಿ.